ಐದಕ್ಕೆ ಐದೂ ಅನಿಮೆ ಹಾಡೇ?

(ಗುಂಪು: ಇ.ಸಿ. 2010 ಬ್ಯಾಚ್)

ಲಂಬು: ಹೊಸದೇನಾದರೂ ಕೇಳಬೇಕು ಅಂತ ಮೊನ್ನೆ ಗೋಳಾಡುತ್ತಿದ್ದಿರಲ್ಲ, ತಗೊಳ್ಳಿ. ಜಪಾನಿನ ಗಿಟಾರ್ ರಾಕ್ ಬ್ಯಾಂಡ್, ಹೆಸರು ಏಷ್ಯನ್ ಕುಂಗ್‌ಫೂ ಜನರೇಶನ್. ಐದು ಹಾಡು: ಹರುಕ ಕನತ, ರೀರೈಟ್, ಆಫ್ಟರ್ ಡಾರ್ಕ್, ರೀ ರೀ, ಬ್ಲಡ್ ಸರ್ಕ್ಯುಲೇಟರ್. ಇದೇ ಕ್ರಮದಲ್ಲಿ ಕೇಳಿ.

ವಾರ್ಡನ್: ಕುಂಗ್‌ಫೂ ಚೀನಾದ್ದಲ್ವಾ?

ಲಂಬು: ಕೇಳು ಮೊದಲು ಮಾರಾಯ.

ಸುಷ್ಮಾ: ರೀ ರೀ ಅಂತ ನಾನು ಮನೆಯಲ್ಲಿ ದಿನಾ ಹಾಡುತ್ತೇನೆ, ಯಾರೂ ಕೇಳಿಸಿಕೊಳ್ಳುವುದಿಲ್ಲ 😄

ಜಪಾನ್ ಮಾಮ: ಲಂಬು, ಐದಕ್ಕೆ ಐದೂ ಅನಿಮೆ ಹಾಡು, ಅಂದರೆ ಜಪಾನಿ ಕಾರ್ಟೂನ್‌ಗಳದು! ಹರುಕ ಕನತ ನರುಟೊ ಸರಣಿಯ ಎರಡನೇ ಓಪನಿಂಗ್, ಶುರುವಿನಲ್ಲಿ ಬರುವ ಹಾಡು. ರೀರೈಟ್ ಫುಲ್‌ಮೆಟಲ್ ಆಲ್ಕೆಮಿಸ್ಟ್‌ನದು. ಆಫ್ಟರ್ ಡಾರ್ಕ್ ಬ್ಲೀಚ್‌ದು. ಕೊನೆಯದು ಮತ್ತೆ ನರುಟೊ. ಇದು ಬ್ಯಾಂಡಿನ ಪಟ್ಟಿ ಅಲ್ಲ ಮಗಾ, ಇಂಟರ್ನಲ್ಸ್ ಹಿಂದಿನ ರಾತ್ರಿ ನೀನು ಹಾಸ್ಟೆಲ್ ಲ್ಯಾನ್‌ನಲ್ಲಿ ಏನೇನು ಎಳೆದುಕೊಂಡು ನೋಡುತ್ತಿದ್ದೆ ಅನ್ನುವ ಪಟ್ಟಿ.

ಲಂಬು: ಹೌದು, ಏನೀಗ? ನಮ್ಮ ಫ್ಲೋರ್‌ನಲ್ಲಿ ನರುಟೊ ನೋಡುವಾಗ ಓಪನಿಂಗ್ ಓಡಿಸಿಬಿಟ್ಟರೆ ಬೈಗುಳ ಬೀಳುತ್ತಿತ್ತು, ನೆನಪಿದೆಯಾ? ಹರುಕ ಕನತದಲ್ಲಿ ಮೊದಲು ಬೇಸ್ ಗಿಟಾರ್ ಒಂದೇ ಓಡುತ್ತದೆ, ಉಸಿರು ಬಿಡದೆ. ಆಮೇಲೆ ಡ್ರಮ್ಸ್, ಎರಡೂ ಗಿಟಾರ್ ಒಟ್ಟಿಗೆ ಮೇಲೆ ಬೀಳುತ್ತವೆ. ಹಾಡುವ ಗೊತೊ ಗಂಟಲು ಹರಿಯುವ ಹಾಗೆ ಶುರು ಮಾಡುತ್ತಾನೆ. ಅದನ್ನು ಕೇಳಿ ಎದ್ದು ಕೂರದವನಿಗೆ ಬೇರೆ ಯಾವ ಹಾಡು ಕೊಟ್ಟರೂ ದಂಡ.

ಪುಟ್ಟ: ಕೇಳಿದೆ. ಎರಡಾದ ಮೇಲೆ ಸಾಕು ಅನ್ನಿಸಿತು. ಎಲ್ಲವೂ ಒಂದೇ ಥರ. ಓಡು, ಕಿರುಚು, ಮುಗಿಸು.

ಜಪಾನ್ ಮಾಮ: ನೋಡು, ಪುಟ್ಟ ಹೇಳಿದ್ದೇ ನನ್ನ ತಕರಾರು. ಅನಿಮೆ ಓಪನಿಂಗ್ ಅಂದರೆ ಒಂದೂವರೆ ನಿಮಿಷ ಅಷ್ಟೆ. ಅಷ್ಟರಲ್ಲಿ ಶುರುವೂ ಆಗಬೇಕು, ಏರಬೇಕು, ಎಲ್ಲರೂ ಕೂಗುವ ಸಾಲೂ ಬಂದುಬಿಡಬೇಕು. ಆ ಜಾಗಕ್ಕೆ ಹೊಂದುವ ಹಾಡುಗಳನ್ನೇ ಆರಿಸಿದರೆ ಒಂದೇ ಥರ ಕೇಳಿಸದೆ ಇನ್ನೇನು? ಇವರು 1996ರಲ್ಲಿ ಶುರು ಮಾಡಿದವರು, ಇಲ್ಲೇ ಯೊಕೊಹಾಮಾದ ಕಾಂತೋ ಗಕುಯಿನ್ ವಿಶ್ವವಿದ್ಯಾಲಯದ ಸಂಗೀತ ಕ್ಲಬ್‌ನಲ್ಲಿ. ಅದೇ ನಾಲ್ಕು ಜನ ಇವತ್ತಿಗೂ ಜೊತೆಗಿದ್ದಾರೆ. ಇಷ್ಟು ವರ್ಷದ ಕೆಲಸವನ್ನು ಟೀವಿಯ ಒಂದೂವರೆ ನಿಮಿಷದ ಸಂದಿಯಲ್ಲಿ ತೂರಿಸಿ ತೋರಿಸ್ತೀಯಲ್ಲ, ಅದಕ್ಕೆ ಹೊಟ್ಟೆ ಉರಿಯೋದು.

ಲಂಬು: ಒಂದು ನಿಮಿಷ ಮಾಮ. ಹರುಕ ಕನತ ನರುಟೊಗೆ ಬರೆದದ್ದಲ್ಲ. 2002ರಲ್ಲಿ ಚಿಕ್ಕ ಕಂಪನಿಯಿಂದ ಬಂದ ಅವರ ಇ.ಪಿ.ಯಲ್ಲೇ (ಕೆಲವೇ ಹಾಡಿನ ಪುಟ್ಟ ಆಲ್ಬಮ್) ಇತ್ತು, ಅನಿಮೆಯವರು ಆಮೇಲೆ ತಗೊಂಡರು. ರೀ ರೀ ಕೂಡ ಹಾಗೇ. 2004ರ ಸೋಲ್ಫಾ ಆಲ್ಬಮ್‌ನಲ್ಲಿ ಸುಮ್ನೆ ಮಧ್ಯದಲ್ಲಿ ಕೂತಿತ್ತು. 2016ರಲ್ಲಿ ಅನಿಮೆಗೆ ಬಂತು, ಅದೇ ವರ್ಷ ಇಡೀ ಸೋಲ್ಫಾವನ್ನೇ ಇವರು ಮತ್ತೆ ರೆಕಾರ್ಡ್ ಮಾಡಿದರು. ಅಂದಮೇಲೆ ನಿನ್ನ ಸಂದಿಯ ಲೆಕ್ಕ ಎಲ್ಲದಕ್ಕೂ ಕೂಡುವುದಿಲ್ಲ.

ವಾರ್ಡನ್: 1-1. ಮುಂದೆ?

ಜಪಾನ್ ಮಾಮ: ಸರಿ, ಆ ಎರಡು ಇಟ್ಟುಕೋ. ಆದರೆ 2008ರ ಸರ್ಫ್ ಬುಂಗಕು ಕಮಕುರ ಆಲ್ಬಮ್‌ನ ಒಂದು ಹಾಡೂ ಇಲ್ಲದ ಪಟ್ಟಿಯನ್ನು ನಾನು ಒಪ್ಪುವುದಿಲ್ಲ. ಫುಜಿಸಾವಾದಿಂದ ಕಮಕುರದವರೆಗೆ ಎನೊದೆನ್ ಅಂತ ಒಂದು ಪುಟ್ಟ ರೈಲು ಇದೆ. ಪೂರ್ತಿ ಹೋದರೂ 10 ಕಿಲೋಮೀಟರ್, 15 ನಿಲ್ದಾಣ. ಎನೊಶಿಮಾ ದಾಟಿದ ಮೇಲೆ ಕಾರುಗಳ ಜೊತೆ ರಸ್ತೆ ಮೇಲೇ ಹೋಗುತ್ತದೆ, ಅಕ್ಕಪಕ್ಕದ ಅಂಗಡಿಯ ಬೋರ್ಡ್ ಕೈಗೆ ಸಿಗುವಷ್ಟು ಹತ್ತಿರ. ಕೊಶಿಗೊಎ ದಾಟುತ್ತಿದ್ದ ಹಾಗೆ ಕಿಟಕಿ ತುಂಬಾ ಸಮುದ್ರ. ಈ ಆಲ್ಬಮ್‌ನ ಒಂದೊಂದು ಹಾಡಿಗೂ ಒಂದೊಂದು ನಿಲ್ದಾಣದ ಹೆಸರು, ರೈಲು ಹೋಗುವ ಕ್ರಮದಲ್ಲೇ. ಫುಜಿಸಾವಾ ಲೂಸರ್‌ನಿಂದ ಶುರು, ಕಮಕುರ ಗುಡ್‌ಬೈಗೆ ಮುಕ್ತಾಯ. ಚಿಕ್ಕ ಚಿಕ್ಕ ಹಾಡು, ಸರಳ ಗಿಟಾರ್. ಇವರು ಅಮೆರಿಕದ ವೀಜರ್ ಬ್ಯಾಂಡಿನ ಅಭಿಮಾನಿಗಳು ಅಂತ ಇಲ್ಲಿ ಯಾರೂ ಹೇಳಿಕೊಡಬೇಕಾಗಿಲ್ಲ. ಮೊದಲು ಹತ್ತು ಹಾಡು ಮಾಡಿ ಐದು ನಿಲ್ದಾಣ ಬಿಟ್ಟಿದ್ದರು, 2023ರಲ್ಲಿ ಅವನ್ನೂ ಸೇರಿಸಿ ಹದಿನೈದು ಪೂರ್ತಿ ಮಾಡಿದರು.

ಪುಟ್ಟ: ರೈಲ್ವೆ ಟೈಂಟೇಬಲ್‌ಗೆ ಗಿಟಾರ್ ಹೊಡೆದಿದ್ದಾರೆ ಅಂತಾಯ್ತು.

ಲಂಬು: 😂😂 ಆ ರೈಲು ಇವನ ಮನೆಗೆ ಹತ್ತಿರ, ಅದಕ್ಕೇ ಇಷ್ಟು ಪ್ರೀತಿ. ಮೈಸೂರಿನಲ್ಲಿ ಕೂತವರಿಗೆ ಅದು ಹೇಗೆ ಹಿಡಿಸಬೇಕು?

ಜಪಾನ್ ಮಾಮ: ನರುಟೊ ಏನು ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆದ ಕಥೆಯಾ?

ಸುಷ್ಮಾ: ಹುಡುಗರಾ, ಇಲ್ಲಿ ಕೇಳಿ. ಅಕ್ಕನ ಮಗಳಿಗೆ ನಿಮ್ಮ ಪಟ್ಟಿ ತೋರಿಸಿದೆ. ಪಿಯುಸಿ ಓದುತ್ತಿದ್ದಾಳೆ. "ಕೊರೊಗರು ಇವಾ ಇಲ್ಲದೆ ಇದೆಂಥ ಪಟ್ಟಿ" ಅಂದಳು. ಬೊಚ್ಚಿ ದ ರಾಕ್ ಅಂತ 2022ರ ಅನಿಮೆ ಇದೆಯಂತೆ, ಹುಡುಗಿಯರ ಬ್ಯಾಂಡಿನ ಕಥೆ. ಅದರಲ್ಲಿ ನಾಲ್ಕು ಹುಡುಗಿಯರ ಮನೆತನದ ಹೆಸರು ಗೊತೊ, ಕಿತಾ, ಯಮದಾ, ಇಜಿಚಿ. ನಿಮ್ಮ ಬ್ಯಾಂಡಿನ ನಾಲ್ಕು ಜನರ ಹೆಸರೇ! ಕೊನೆಯ ಕಂತಿನಲ್ಲಿ ಅವರಲ್ಲೊಬ್ಬ ನಾಚಿಕೆ ಸ್ವಭಾವದ ಹುಡುಗಿಯ ದನಿಯಲ್ಲಿ ಈ ಹಾಡು ಬರುತ್ತದೆ. ಅಕ್ಕನ ಮಗಳು ಅದನ್ನು ಕೇಳಿ, ಆಮೇಲೆ ಇವರ 2008ರ ಮೂಲ ಹಾಡು ಹುಡುಕಿಕೊಂಡು ಹೋದಳಂತೆ.

ಲಂಬು: ಅಂದರೆ ಅವಳೂ ಅನಿಮೆ ಬಾಗಿಲಿನಿಂದಲೇ ಒಳಗೆ ಬಂದಳು. ಇನ್ನೇನು ಮಾತಾಡ್ತೀಯ ಮಾಮ?

ಜಪಾನ್ ಮಾಮ: ಬಾಗಿಲಿನಿಂದ ಬರಲಿ, ಯಾರು ಬೇಡ ಅಂದರು? ನೀನು ಬಂದವರನ್ನೆಲ್ಲ ಬಾಗಿಲಲ್ಲೇ ನಿಲ್ಲಿಸಿದ್ದೀಯ. ಆ ಹುಡುಗಿ ಒಳಗೆ ಹೋದಳು, ನೋಡು. ಕೊರೊಗರು ಇವಾ ನಿಧಾನದ ಹಾಡು, ಕಿರುಚಾಟ ಇಲ್ಲ. ಪುಟ್ಟನಿಗೂ ಆಗುತ್ತದೆ.

ಸುಷ್ಮಾ: ರೀರೈಟ್‌ನಲ್ಲಿ ಮಧ್ಯ ಒಂದು ಕಡೆ ಗಲಾಟೆ ಎಲ್ಲ ನಿಂತು ರೆಗ್ಗೆ ಥರ ತೂಗಾಡುತ್ತದಲ್ಲ, ಅದು ಚೆನ್ನಾಗಿದೆ. ಆಮೇಲೆ ಮತ್ತೆ ಕೂಗಾಟ. ಸಮಾಧಾನವಾಗಿ ಕೇಳುವಂಥದ್ದು ಒಂದೇ ಒಂದು ಹೇಳಿ.

ಜಪಾನ್ ಮಾಮ: ಸೋಲನಿನ್. 2010ರದು. ಅಸಾನೊ ಇನಿಯೊ ಅವರ ಕಾಮಿಕ್‌ನಲ್ಲಿ ಆ ಹಾಡಿನ ಸಾಲುಗಳು ಮೊದಲೇ ಇದ್ದವು. ಸಿನಿಮಾ ಮಾಡುವಾಗ ಇವರು ಅದಕ್ಕೆ ರಾಗ ಹಾಕಿದರು. ಕೆಲಸ ಬಿಟ್ಟ ಹುಡುಗಿ, ಬ್ಯಾಂಡ್ ಕಟ್ಟಿಕೊಂಡ ಹುಡುಗ. ಅವನು ಅಪಘಾತದಲ್ಲಿ ಹೋಗಿಬಿಡುತ್ತಾನೆ. ಅವನ ಗಿಟಾರ್ ಇವಳು ಎತ್ತಿಕೊಂಡು, ಕಲಿತು, ಈ ಹಾಡು ಹಾಡುತ್ತಾಳೆ.

ಲಂಬು: ಇದಕ್ಕೆ ನನ್ನ ವಿರೋಧ ಇಲ್ಲ. ಒಳ್ಳೆಯ ಹಾಡು. ಬ್ಲಡ್ ಸರ್ಕ್ಯುಲೇಟರ್ ತೆಗೆದು ಇದನ್ನು ಹಾಕೋಣ. ಆಫ್ಟರ್ ಡಾರ್ಕ್ ಮುಟ್ಟಬೇಡ.

ಜಪಾನ್ ಮಾಮ: ಆಫ್ಟರ್ ಡಾರ್ಕ್ ಹೋಗಲೇಬೇಕು. ಆ ಜಾಗ ಫುಜಿಸಾವಾ ಲೂಸರ್‌ಗೆ. ರೀರೈಟ್ ಜಾಗಕ್ಕೆ ಕೊರೊಗರು ಇವಾ.

ಲಂಬು: ರೀರೈಟ್ ಇಲ್ಲದ ಪಟ್ಟಿಯಾ? ತಲೆ ಕೆಟ್ಟಿದೆಯಾ ನಿನಗೆ?

ವಾರ್ಡನ್: ಅಡ್ಮಿನ್ ತೀರ್ಮಾನ: ಆರು ಹಾಡು. ಹರುಕ ಕನತ, ರೀರೈಟ್, ರೀ ರೀ, ಕೊರೊಗರು ಇವಾ, ಸೋಲನಿನ್, ಫುಜಿಸಾವಾ ಲೂಸರ್. ಪಿನ್ ಮಾಡಿದ್ದೇನೆ. ಇನ್ನು ಯಾರಾದರೂ ಆಫ್ಟರ್ ಡಾರ್ಕ್ ಅಂದರೆ ಗುಂಪಿನಿಂದ ಹೊರಗೆ.

ಲಂಬು: ಆಫ್ಟರ್ ಡಾರ್ಕ್.

ವಾರ್ಡನ್: ನಿನ್ನನ್ನು ತೆಗೆಯುವುದಕ್ಕೆ ಆಗುವುದಿಲ್ಲ, ನೀನೂ ಅಡ್ಮಿನ್ 🤦

ಪುಟ್ಟ: ಮಾಮ, ಆ ಟೈಂಟೇಬಲ್ ಆಲ್ಬಮ್ ಲಿಂಕ್ ಹಾಕು. ಹದಿನೈದು ಹಾಡಿನದು. ನಾಳೆ ಹಾಸನಕ್ಕೆ ಹೋಗುತ್ತಿದ್ದೇನೆ, ದಾರಿಯಲ್ಲಿ ಕೇಳುತ್ತೇನೆ.