ಸಹಾಯ ಬೇಕು: 22ನೇ ದಿನದ ಸ್ಲೈಡಿಗೆ ಸ್ಕೋರ್ ಕೊಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಮಂಗಳೂರಿನಲ್ಲಿ ಪೆಥಾಲಜಿ ಪಿಜಿ ಮಾಡುತ್ತಿದ್ದೇನೆ. ಮುಟ್ಟಿನ ಚಕ್ರದಲ್ಲಿ ಗರ್ಭಕೋಶದ ಒಳಪದರದ ಪ್ರೊಜೆಸ್ಟರಾನ್ ರಿಸೆಪ್ಟರ್ (ಆ ಹಾರ್ಮೋನು ಬಂದು ಕೂರುವ ಪ್ರೋಟೀನ್) ಹೇಗೆ ಬದಲಾಗುತ್ತದೆ ಎನ್ನುವುದೇ ನನ್ನ ಥೀಸಿಸ್. ಸ್ಟೇನ್ ಮಾಡಿದಾಗ ರಿಸೆಪ್ಟರ್ ಇರುವ ನ್ಯೂಕ್ಲಿಯಸ್ ಕಂದು, ಇಲ್ಲದ್ದು ನೀಲಿ; ಕಂದು ಎಷ್ಟಿದೆ, ಎಷ್ಟು ಗಾಢ ಎಂದು ನೋಡಿ ಸ್ಕೋರ್ ಕೊಡುತ್ತೇವೆ.

ಚಕ್ರದ 12, 13ನೇ ದಿನದ ಸ್ಲೈಡ್‌ಗಳಲ್ಲಿ ತೊಂದರೆ ಇಲ್ಲ. ಈಸ್ಟ್ರೋಜನ್ ಜಾಸ್ತಿ ಇರುವ ಹೊತ್ತು ಅಲ್ವಾ, ಗ್ರಂಥಿ, ಸ್ಟ್ರೋಮಾ (ಗ್ರಂಥಿಗಳ ಸುತ್ತಲಿನ ಆಧಾರ ಅಂಗಾಂಶ) ಎರಡರ ನ್ಯೂಕ್ಲಿಯಸ್ಸೂ ಗಾಢ ಕಂದು. ಅಂಡಾಣು ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನ್ ಏರಿ ಗ್ರಂಥಿಗಳಲ್ಲಿ ತನ್ನದೇ ರಿಸೆಪ್ಟರನ್ನು ಇಳಿಸುತ್ತದೆ, ಸ್ಟ್ರೋಮಾದಲ್ಲಿ ಅದು ಉಳಿಯುತ್ತದೆ. ಇಷ್ಟು ಅರ್ಥವಾಗಿದೆ.

ಸಿಕ್ಕಿಬಿದ್ದಿರುವುದು ಗರ್ಭಕೋಶ ತೆಗೆದ ಕೇಸಿನ 22ನೇ ದಿನದ ಸ್ಲೈಡಲ್ಲಿ. ಮೇಲಿನ ಗ್ರಂಥಿಗಳು ಬರೀ ನೀಲಿ. ಸುತ್ತಲಿನ ಸ್ಟ್ರೋಮಾ ಕಂದು. ಕೆಳಗೆ, ಸ್ನಾಯುವಿಗೆ ತಾಗಿಕೊಂಡಿರುವ ತಳಪದರದ ಗ್ರಂಥಿಗಳು ಮತ್ತೆ ಕಡು ಕಂದು! ಹೊಸ ಆಂಟಿಬಾಡಿ ಹಾಕಿ ಎರಡು ಸಲ ಸ್ಟೇನ್ ಮಾಡಿದೆ. ಕಂಟ್ರೋಲ್ (ಹೋಲಿಕೆಗೆ ಇಟ್ಟ ಸ್ಲೈಡ್) ಸರಿ ಇದೆ, ಚಿತ್ರ ಮಾತ್ರ ಅದೇ. ಉಡುಪಿಯ ಸೀನಿಯರ್ ಅಕ್ಕ ಒಬ್ಬರು ಸರಾಸರಿ ತೆಗೆದು ಒಂದೇ ಸ್ಕೋರ್ ಹಾಕು ಎಂದರು. ನನಗೆ ಮನಸ್ಸಾಗುತ್ತಿಲ್ಲ. ಸರಾಸರಿ ತೆಗೆದರೆ ಗ್ರಂಥಿಯಲ್ಲಿ ಆದ ಇಳಿಕೆಯೇ ಮುಚ್ಚಿಹೋಗುತ್ತದೆ.

ಈ ಕೆಲಸ ಮಾಡಿದವರು ದಯವಿಟ್ಟು ಹೇಳಿ: ತಳಪದರಕ್ಕೆ ಬೇರೆ ಸ್ಕೋರ್ ಕೊಡಬೇಕೇ, ಅಥವಾ ಅದನ್ನು ಬಿಟ್ಟು ಮೇಲ್ಪದರದ ಗ್ರಂಥಿ ಮತ್ತು ಸ್ಟ್ರೋಮಾ ಮಾತ್ರ ಬೇರೆ ಬೇರೆ ಎಣಿಸಬೇಕೇ?