ನಾಯಿ ಭೈರನಿಗೆ ಚಿಕಿತ್ಸೆ ಮಾಡಿಸೋಣವಾ ಬೇಡವಾ: ನಮ್ಮ ಮನೆ ಗುಂಪಿನ ಚರ್ಚೆ

ನಾನು: (ಫೋಟೋ) ಭೈರನ ರಿಪೋರ್ಟ್ ಬಂತು, ಎಲ್ಲರೂ ನೋಡಿ. ಸ್ಕ್ಯಾನೂ ಬಯಾಪ್ಸಿಯೂ ಒಂದೇ ಹೇಳುತ್ತಿವೆ. ಗೆಡ್ಡೆ ಅಲ್ಲ. ಮೂಗಿನೊಳಗೆ ಫಂಗಸ್. ಆಸ್ಪರ್ಜಿಲ್ಲಸ್ ಅಂತ ಹೆಸರು. ಬಲಗಡೆ ಮಾತ್ರ ಇದೆ. ಚಿಕಿತ್ಸೆ ಮಾಡಿಸುತ್ತೀರೋ ಇಲ್ಲವೋ ಬೇಗ ಹೇಳಿ ಅಂದಿದ್ದಾರೆ ಡಾಕ್ಟರ್.

ತಮ್ಮ: ಸದ್ಯ, ಕ್ಯಾನ್ಸರ್ ಅಲ್ವಲ್ಲ!

ಅತ್ತಿಗೆ: ಫಂಗಸ್ ಅಂದ್ರೆ ಹುಳುಕಡ್ಡಿ ಥರಾನಾ? ರಜೆಗೆ ಪಾಪುವನ್ನು ಕರೆದುಕೊಂಡು ಬರೋಣ ಅಂತಿದ್ದೆವು. ಅವಳು ಅವನನ್ನು ತಬ್ಬಿಕೊಂಡೇ ಇರುತ್ತಾಳೆ.

ದೊಡ್ಡಪ್ಪ: (ಫಾರ್ವರ್ಡ್) "ಎಚ್ಚರಿಕೆ!! ನಾಯಿಗೆ ಫಂಗಸ್ ಬಂದರೆ ಮನೆಯವರ ಶ್ವಾಸಕೋಶಕ್ಕೂ ಹರಡುತ್ತದೆ. ಇಂಗ್ಲಿಷ್ ಔಷಧಿಯಿಂದ ವಾಸಿಯಾಗುವುದಿಲ್ಲ, ಲಿವರ್ ಹಾಳಾಗುತ್ತದೆ. ಟೀ ಟ್ರೀ ಎಣ್ಣೆ ಎರಡು ಹನಿ ಮೂಗಿಗೆ ಬಿಟ್ಟರೆ ಪೂರ್ತಿ ಗುಣ. ಎಲ್ಲರಿಗೂ ಕಳಿಸಿ."

ದೊಡ್ಡಪ್ಪ: ಇದನ್ನು ಓದಿದ ಮೇಲೆ ತೀರ್ಮಾನ ಮಾಡಿ. ಮೂಕ ಪ್ರಾಣಿ ಅದು. ಸುಮ್ನೆ ಆಸ್ಪತ್ರೆಗೆ ಅಲೆಸಬೇಡಿ.

ನಾನು: ದೊಡ್ಡಪ್ಪ, ಆ ಎಣ್ಣೆ ಮಾತ್ರ ಖಂಡಿತ ಬೇಡ. ಟೀ ಟ್ರೀ ಎಣ್ಣೆ ನಾಯಿಗೆ ವಿಷ. ಮೈ ನಡುಗುತ್ತದೆ, ಕಾಲಿನ ಬಲ ಹೋಗುತ್ತದೆ, ನಡೆದರೆ ತೂರಾಡುತ್ತದೆ. ಮೂಗಿಗೆ ಬಿಟ್ಟದ್ದು ಮೂಗಲ್ಲೇ ಉಳಿಯುವುದೂ ಇಲ್ಲ, ನೆಕ್ಕಿ ನುಂಗಿಬಿಡುತ್ತಾನೆ. ಅಮ್ಮಾ, ಯಾರು ಹೇಳಿದರೂ ಹಾಕಬೇಡ.

ಅಮ್ಮ: ಇಲ್ಲಮ್ಮ, ನಾನು ಏನೂ ಹಾಕಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ ಅಷ್ಟೇ.

ನಾನು: ಅತ್ತಿಗೆ, ಇದು ಹುಳುಕಡ್ಡಿ ಅಲ್ಲ. ಹುಳುಕಡ್ಡಿ ಚರ್ಮಕ್ಕೆ ಬರುವುದು, ಅದು ನಾಯಿಯಿಂದ ಮಕ್ಕಳಿಗೆ ಹರಡುತ್ತದೆ, ನಿಮ್ಮ ಭಯ ಸರಿಯೇ. ಆದರೆ ಭೈರನಿಗೆ ಬಂದಿರುವುದು ಬೇರೆ. ಈ ಫಂಗಸ್ಸಿನ ಕಣಗಳು ಮಣ್ಣಲ್ಲಿ, ಕೊಳೆತ ಎಲೆಯಲ್ಲಿ, ಹುಲ್ಲಲ್ಲಿ, ಗಾಳಿಯಲ್ಲಿ ಎಲ್ಲ ಕಡೆ ಇವೆ. ನಾವೆಲ್ಲ ದಿನಾ ಉಸಿರಾಡುತ್ತೇವೆ. ಅವನಿಗೂ ಅಲ್ಲಿಂದಲೇ ಬಂದಿದೆ. ಅವನಿಂದ ಪಾಪುಗೆ ಅಂಟುವ ಕಾಯಿಲೆ ಅಲ್ಲ.

ಅತ್ತಿಗೆ: ಸರಿ. ಆದ್ರೂ ದೊಡ್ಡಮ್ಮನಿಗೆ ಸ್ಟೆರಾಯ್ಡ್ ಮಾತ್ರೆ ನಡೀತಾ ಇದೆ ಅಲ್ವಾ? ಅವರ ಕಥೆ ಏನು?

ನಾನು: ಒಳ್ಳೇ ಪ್ರಶ್ನೆ. ರೋಗನಿರೋಧಕ ಶಕ್ತಿ ಕಡಿಮೆ ಇರುವವರು ಅವನ ಮೂಗಿನ ಸಿಂಬಳ ಒರೆಸುವ ಕೆಲಸಕ್ಕೆ ಹೋಗದಿರುವುದೇ ಒಳ್ಳೆಯದು. ದೊಡ್ಡಪ್ಪ, ದೊಡ್ಡಮ್ಮನ ಡಾಕ್ಟರ್ ಹತ್ತಿರ ಒಂದು ಮಾತು ಕೇಳಿಬಿಡಿ.

ದೊಡ್ಡಪ್ಪ: ಕೇಳುತ್ತೇನೆ. ಆದರೆ ಲಿವರ್ ವಿಷಯ ಸುಳ್ಳಾ?

ನಾನು: ಪೂರ್ತಿ ಸುಳ್ಳಲ್ಲ. ಇಟ್ರಾಕೊನಜೋಲ್ ಅಂತ ಮಾತ್ರೆ ಇದೆ. ತಿಂಗಳುಗಟ್ಟಲೆ ಕೊಡಬೇಕು. ಅದು ಲಿವರಿಗೆ ತೊಂದರೆ ಮಾಡಬಹುದು, ಅದಕ್ಕೇ ನಡುನಡುವೆ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಊಟ ಬಿಟ್ಟರೆ ತಕ್ಷಣ ತಿಳಿಸಿ ಅನ್ನುತ್ತಾರೆ. ಆದರೆ ಡಾಕ್ಟರ್ ಈಗ ಹೇಳುತ್ತಿರುವುದು ಮಾತ್ರೆ ಅಲ್ಲ. ಮೂಗಿನ ಕಾಯಿಲೆಗೆ ಬರೀ ಮಾತ್ರೆ ಅಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲವಂತೆ. ಔಷಧಿಯನ್ನು ನೇರವಾಗಿ ಮೂಗಿನೊಳಗೇ ತುಂಬಿಸಬೇಕು.

ಅಣ್ಣ: ಈಗ ನೋಡಿದೆ ಎಲ್ಲಾನೂ. ನಾನು ಹೇಳುವುದು ಯಾರಿಗೂ ಇಷ್ಟವಾಗುವುದಿಲ್ಲ, ಆದರೂ ಹೇಳುತ್ತೇನೆ. ಅವನಿಗೆ ಒಂಬತ್ತು ವರ್ಷ. ಸ್ಕ್ಯಾನಿಗೆ ಅನಸ್ತೇಶಿಯಾ ಕೊಟ್ಟಾಯಿತು. ಈ ಚಿಕಿತ್ಸೆಗೆ ಮತ್ತೆ. ವಾಸಿಯಾಯಿತಾ ಅಂತ ನೋಡೋಕೆ ಮತ್ತೆ. ಆಗಿಲ್ಲ ಅಂದರೆ ಇನ್ನೊಮ್ಮೆ. ಇದೆಲ್ಲ ಯಾಕೆ ಅಂತ ಅವನಿಗೆ ಗೊತ್ತಾಗುವುದಿಲ್ಲ. ಕಾರು ಹತ್ತಿಸಿದರು, ಚುಚ್ಚಿದರು, ಎದ್ದಾಗ ಮೂಗು ಉರಿಯುತ್ತಿದೆ, ಅಷ್ಟೇ ಅವನಿಗೆ ಗೊತ್ತು. ನಾವು ಇದನ್ನು ಅವನಿಗಾಗಿ ಮಾಡುತ್ತಿದ್ದೇವಾ, ನಮ್ಮ ಸಮಾಧಾನಕ್ಕಾ? ದುಡ್ಡಿನ ಮಾತೂ ಇದೆ. ಅಮ್ಮನ ಕಣ್ಣಿನ ಆಪರೇಶನ್ ಮುಂದಕ್ಕೆ ಹಾಕಿ ಕೂತಿದ್ದೇವೆ.

ತಮ್ಮ: ಅಣ್ಣಾ, ಹಾಗಂದ್ರೆ ಏನು? ಸುಮ್ನೆ ಬಿಟ್ಟುಬಿಡೋದಾ?

ಅಣ್ಣ: ಬಿಟ್ಟುಬಿಡು ಅಂತ ಹೇಳಿಲ್ಲ. ನೋವು ಕಡಿಮೆ ಮಾಡುವ ಔಷಧಿ ಕೊಟ್ಟು ನೆಮ್ಮದಿಯಾಗಿ ಇರಲಿ ಅನ್ನುತ್ತಿದ್ದೇನೆ. ಮೊದಲು ಒಂದು ಆ್ಯಂಟಿಬಯೋಟಿಕ್ ಕೊಟ್ಟಾಗ ಚೆನ್ನಾಗಿಯೇ ಇದ್ದನಲ್ಲ. ಅದನ್ನೇ ಕೊಟ್ಟರಾಯಿತು.

ನಾನು: ಅಣ್ಣ, ಆ್ಯಂಟಿಬಯೋಟಿಕ್ ಬ್ಯಾಕ್ಟೀರಿಯಾಕ್ಕೆ. ಫಂಗಸ್ಸಿಗೆ ಅದು ನಾಟುವುದೇ ಇಲ್ಲ. ಕೆಟ್ಟ ಮೂಗಿನಲ್ಲಿ ಬ್ಯಾಕ್ಟೀರಿಯಾವೂ ಬಂದು ಸೇರಿಕೊಂಡಿರುತ್ತದೆ, ಅದು ಸತ್ತಾಗ ಸಿಂಬಳ ಸ್ವಲ್ಪ ಕಡಿಮೆಯಾಗುತ್ತದೆ. ನಮಗೆ ಗುಣವಾದ ಹಾಗೆ ಕಾಣುತ್ತದೆ. ಕೆಳಗೆ ಫಂಗಸ್ ತನ್ನ ಪಾಡಿಗೆ ಬೆಳೆಯುತ್ತಲೇ ಇರುತ್ತದೆ.

ನಾನು: ನೀನು ಅವನನ್ನು ನೋಡಿ ತುಂಬಾ ದಿನ ಆಯಿತು. ಅವನ ಮೂಗಿನ ತುದಿ ಎಷ್ಟು ಕಪ್ಪಗೆ ಮಿಂಚುತ್ತಿತ್ತು ಗೊತ್ತಲ್ಲ. ಈಗ ಬಲಗಡೆ ಹೊಳ್ಳೆಯ ಕೆಳಗೆ, ಸಿಂಬಳ ಇಳಿಯುವ ಜಾಗದಲ್ಲಿ, ಕಪ್ಪು ಹೋಗಿ ಗುಲಾಬಿ ಬಣ್ಣದ ಗೀರು ಬಿದ್ದಿದೆ. ಅಂಚಿನಲ್ಲಿ ಸಣ್ಣ ಹುಣ್ಣು, ಅದರ ಮೇಲೆ ಒಣಗಿದ ಹೆಪ್ಪು. ಸೀನಿದರೆ ಗೋಡೆಗೆ ರಕ್ತದ ಚುಕ್ಕೆ ಹಾರುತ್ತದೆ. ಬಲ ಕೆನ್ನೆ ಸವರಲು ಹೋದರೆ ಮುಖ ತಿರುಗಿಸಿಕೊಳ್ಳುತ್ತಾನೆ. ಎಡ ಕೆನ್ನೆಯನ್ನು ಈಗಲೂ ತಾನೇ ತಂದು ಕೈಗೆ ಒತ್ತುತ್ತಾನೆ. ಊಟ ಮಾಡುತ್ತಾನೆ, ಗೇಟಿನ ಸದ್ದಾದರೆ ಓಡುತ್ತಾನೆ. ಅವನು ಸಾಯುತ್ತಿರುವ ನಾಯಿ ಅಲ್ಲ ಅಣ್ಣ. ಮೂಗಿನಲ್ಲಿ ಕಾಯಿಲೆ ಇರುವ ನಾಯಿ.

ಅಮ್ಮ: ನೋವಾಗುತ್ತೆ ಅಂತ ಬೇಡ ಅನ್ನೋದಾದರೆ, ಈಗಲೂ ನೋವೇ ಅಲ್ವಾ ಮಗನೇ. ರಾತ್ರಿ ಎದ್ದು ಎದ್ದು ಮೂಗು ಉಜ್ಜಿಕೊಳ್ತಾನೆ.

ಅಣ್ಣ: ...

ಅಣ್ಣ: ಸರಿ ಅಮ್ಮ. ಆದರೆ ನೋವಿನ ಮಾತ್ರೆ ಕೊಟ್ಟರೂ ಆಗುವುದಿಲ್ಲ ಅಂತ ಯಾಕೆ?

ನಾನು: ಮಾತ್ರೆ ನೋವು ಇಳಿಸಬಹುದು, ಕಾಯಿಲೆ ನಿಲ್ಲಿಸುವುದಿಲ್ಲ. ನಾಯಿಯ ಮೂಗಿನೊಳಗೆ ಸುರುಳಿ ಸುತ್ತಿದ ಕಾಗದದಂಥ ತೆಳು ಎಲುಬುಗಳಿರುತ್ತವೆ. ಈ ಫಂಗಸ್ ಅವನ್ನು ತಿಂದು ಖಾಲಿ ಮಾಡುತ್ತಾ ಹೋಗುತ್ತದೆ. ಸ್ಕ್ಯಾನಿನಲ್ಲಿ ಎಡಗಡೆ ಸುರುಳಿ ತುಂಬಿಕೊಂಡಿದೆ, ಬಲಗಡೆ ಬರೀ ಕಪ್ಪು ಪೊಳ್ಳು. ಮೂಗಿನ ಹಿಂದೆ ಸಣ್ಣ ಸಣ್ಣ ತೂತುಗಳಿರುವ ಇನ್ನೊಂದು ತೆಳು ಎಲುಬು ಇದೆ, ಅದರ ಆಚೆಗೆ ಮೆದುಳು. ಆ ಎಲುಬು ಸದ್ಯಕ್ಕೆ ಹಾಳಾಗದೆ ಗಟ್ಟಿಯಾಗಿಯೇ ಇದೆ. ರಿಪೋರ್ಟಿನ ಎರಡನೇ ಪುಟ ನೋಡು. ಅದನ್ನೂ ಫಂಗಸ್ ತಿಂದುಹಾಕಿದರೆ ಕಾಯಿಲೆಯೂ ಒಳಗೆ ಹೋಗಬಹುದು, ಔಷಧಿ ತುಂಬಿಸುವುದೂ ಅಪಾಯ. ಬೇಗ ಹೇಳಿ ಅಂದದ್ದು ಅದಕ್ಕೇ.

ತಮ್ಮ: ಔಷಧಿ ತುಂಬಿಸೋದು ಅಂದ್ರೆ ಹೇಗೆ?

ನಾನು: ಮೊದಲು ಕ್ಯಾಮೆರಾ ಹಾಕಿ ಬಿಳಿ ಪದರ ಪದರವಾಗಿ ಕೂತಿರುವ ಫಂಗಸ್ಸನ್ನು ಸಾಧ್ಯವಾದಷ್ಟೂ ತೆಗೆಯುತ್ತಾರೆ. ಈ ಕೆಲಸ ಎಷ್ಟು ಚೆನ್ನಾಗಿ ಆಗುತ್ತದೋ ಔಷಧಿ ಅಷ್ಟು ಚೆನ್ನಾಗಿ ತಾಗುತ್ತದೆ. ಆಮೇಲೆ ಗಂಟಲ ಕಡೆಗೆ ಇಳಿಯದ ಹಾಗೆ ಹಿಂದೆ ಬಲೂನ್ ಇಟ್ಟು ಮುಚ್ಚುತ್ತಾರೆ. ಕ್ಲೋಟ್ರಿಮಜೋಲ್ ದ್ರಾವಣ ತುಂಬಿಸಿ ಸುಮಾರು 1 ಗಂಟೆ ಹಾಗೇ ಬಿಡುತ್ತಾರೆ. ನಡುವೆ ನಾಯಿಯನ್ನು ಅಂಗಾತ, ಮಗ್ಗುಲು, ಬೋರಲು ಅಂತ ತಿರುಗಿಸುತ್ತಾರೆ, ಮೂಲೆಮೂಲೆಗೂ ತಾಗಬೇಕಲ್ಲ. ಕೊನೆಗೆ ಪೂರ್ತಿ ಬಸಿದು ತೆಗೆಯುತ್ತಾರೆ. ಅಷ್ಟೂ ಹೊತ್ತು ಅವನಿಗೆ ಎಚ್ಚರ ಇರುವುದಿಲ್ಲ.

ದೊಡ್ಡಪ್ಪ: ಕ್ಲೋಟ್ರಿಮಜೋಲ್ ಮುಲಾಮು ನಮ್ಮ ಮನೆಯಲ್ಲೇ ಇದೆ. ಅದನ್ನೇ ಹಚ್ಚಬಹುದಲ್ಲ?

ನಾನು: ಬೇಡ ದೊಡ್ಡಪ್ಪ. ಮೂಗಿನ ತುದಿಗೆ ಹಚ್ಚಿದರೆ ಒಳಗಿರುವುದಕ್ಕೆ ತಾಗುವುದೇ ಇಲ್ಲ. ನೆಕ್ಕಿಕೊಂಡು ಹೊಟ್ಟೆಗೆ ಬೇರೆ ಹೋಗುತ್ತದೆ.

ಅಣ್ಣ: ಒಂದೇ ಸಲಕ್ಕೆ ವಾಸಿಯಾಗುತ್ತೆ ಅಂತ ಬರೆದುಕೊಡುತ್ತಾರಾ?

ನಾನು: ಇಲ್ಲ. ಡಾಕ್ಟರೇ ಹೇಳಿದರು. ಒಂದೇ ಸಲಕ್ಕೆ ವಾಸಿಯಾಗುವ ನಾಯಿಗಳೂ ಇವೆ, ಎರಡು ಮೂರು ಸಲ ಬೇಕಾಗುವುದೂ ಸಾಮಾನ್ಯ. ಕರಗಿದ ಎಲುಬು ಮತ್ತೆ ಬೆಳೆಯುವುದಿಲ್ಲ. ಹಾಗಾಗಿ ಫಂಗಸ್ ಹೋದಮೇಲೂ ಆಗಾಗ ಸಿಂಬಳ ಬರಬಹುದು. ಇದನ್ನೆಲ್ಲ ಕೇಳಿಕೊಂಡೇ ನಾನು ಮಾಡಿಸೋಣ ಅನ್ನುತ್ತಿರುವುದು. ಒಂಬತ್ತು ವರ್ಷ ಅಂತ ನೀನು ಹೇಳಿದೆ. ವಯಸ್ಸನ್ನು ನೋಡಬೇಕು, ನಿಜ. ಆದರೆ ಅವನ ಹೃದಯ, ಕಿಡ್ನಿ, ಲಿವರ್ ಎಲ್ಲ ಚೆನ್ನಾಗಿವೆ ಅಂತ ರಕ್ತ ಪರೀಕ್ಷೆ, ಎಕ್ಸ್‌ರೇ ಹೇಳುತ್ತಿವೆ. ಹಿಂದಿನ ಅನಸ್ತೇಶಿಯಾದಿಂದ ಸರಿಯಾಗಿ ಎದ್ದಿದ್ದಾನೆ. ಇದೇ ಫಂಗಸ್ ಮೈಯೆಲ್ಲ ಹರಡಿ ಬೆನ್ನೆಲುಬು, ಕಿಡ್ನಿಗೆ ಇಳಿದಿದ್ದರೆ ನಾನೇ ಬೇಡ ಅನ್ನುತ್ತಿದ್ದೆ. ಅದರಲ್ಲಿ ಉಳಿಯುವ ಆಸೆ ತೀರಾ ಕಡಿಮೆ. ಇವನದು ಒಂದು ಹೊಳ್ಳೆಯಲ್ಲಿ ನಿಂತಿದೆ.

ಅತ್ತಿಗೆ: ನನಗೂ ಒಂದು ಸಲ ಮಾಡಿಸಿ ನೋಡೋಣ ಅನ್ನಿಸುತ್ತಿದೆ.

ಅಣ್ಣ: ಒಂದು ಸಲ ಅಂತ ಶುರುವಾಗಿದ್ದು ಐದು ಸಲಕ್ಕೆ ಹೋಗಿ ನಿಲ್ಲುತ್ತದೆ. ಅದೇ ನನ್ನ ಭಯ. ಅರ್ಧ ದಾರಿಯಲ್ಲಿ ಯಾರಿಗೂ ಸಾಕು ಅನ್ನುವ ಧೈರ್ಯ ಬರುವುದಿಲ್ಲ.

ನಾನು: ಅದಕ್ಕೆ ಈಗಲೇ ಮಾತಾಡಿಕೊಳ್ಳೋಣ. ಈ ಸಲ ಮಾಡಿಸೋಣ. ಕೆಲವು ವಾರ ಬಿಟ್ಟು ಕ್ಯಾಮೆರಾ ಹಾಕಿ ನೋಡುತ್ತಾರೆ. ಹೊರಗೆ ಸಿಂಬಳ ನಿಂತಿತು ಅಂತ ಅದನ್ನು ಬಿಡುವ ಹಾಗಿಲ್ಲ, ಒಳಗೆ ಫಂಗಸ್ ಉಳಿದಿರಬಹುದು. ಕಡಿಮೆಯಾಗಿದ್ದು ಸ್ವಲ್ಪ ಉಳಿದಿದ್ದರೆ ಎರಡನೇ ಸಲ. ಅದಾದಮೇಲೂ ಮೊದಲಿನಷ್ಟೇ ಇದ್ದರೆ ಮೂರನೆಯದಕ್ಕೆ ನಾನು ಕೇಳುವುದಿಲ್ಲ. ಊಟ ಬಿಟ್ಟರೆ, ಫಿಟ್ಸ್ ಬಂದರೆ, ಅಮ್ಮನ ಹತ್ತಿರ ಬರುವುದನ್ನೇ ನಿಲ್ಲಿಸಿದರೆ ಆಗಲೂ ನಿಲ್ಲಿಸಿ, ಅವನಿಗೆ ನೋವಿಲ್ಲದ ಹಾಗೆ ನೋಡಿಕೊಳ್ಳೋಣ. ಈ ಮೆಸೇಜನ್ನು ಪಿನ್ ಮಾಡುತ್ತೇನೆ. ಆಗ ನಾನು ಅತ್ತರೂ ನೀನು ಇದನ್ನೇ ತೋರಿಸು.

ತಮ್ಮ: ದುಡ್ಡಲ್ಲಿ ಅರ್ಧ ನಂದು. ಅಮ್ಮನ ಆಪರೇಶನ್ನಿನ ದುಡ್ಡು ಮುಟ್ಟೋದು ಬೇಡ.

ಅಣ್ಣ: ಅರ್ಧ ಯಾಕೆ, ಮೂವರೂ ಹಂಚಿಕೊಳ್ಳೋಣ. ಎರಡು ಸಲದವರೆಗೆ ನಾನು ಒಪ್ಪಿದೆ. ಅದರ ಆಚೆಗೆ ಇಲ್ಲ. ಅಮ್ಮನ ಕಣ್ಣಿಗೂ ಇದೇ ತಿಂಗಳು ದಿನ ಗೊತ್ತು ಮಾಡಬೇಕು, ಅದೂ ಪಿನ್ ಮಾಡು.

ಅಮ್ಮ: ನನ್ನ ಕಣ್ಣು ಎಲ್ಲೂ ಓಡಿಹೋಗಲ್ಲ.

ಅಣ್ಣ: ಇಲ್ಲ ಅಮ್ಮ, ಇದರಲ್ಲಿ ನಿನ್ನ ಮಾತು ಕೇಳುವುದಿಲ್ಲ.

ದೊಡ್ಡಪ್ಪ: ನನಗೇನೋ ಇನ್ನೂ ಒಪ್ಪಿಗೆ ಇಲ್ಲ. ವಯಸ್ಸಾದ ಪ್ರಾಣಿಗೆ ಇಷ್ಟೆಲ್ಲ ಬೇಕಿರಲಿಲ್ಲ. ಆದರೆ ನೋಡಿಕೊಳ್ಳುವವರು ನೀವು. ಆ ಫಾರ್ವರ್ಡ್ ಬೇರೆ ಗುಂಪಿಗೂ ಹಾಕಿದ್ದೆ, ತೆಗೆಯುತ್ತೇನೆ.

ನಾನು: ಥ್ಯಾಂಕ್ಸ್ ದೊಡ್ಡಪ್ಪ. ಆ ಎಣ್ಣೆಯ ವಿಷಯ ಅಲ್ಲೂ ಒಂದು ಸಾಲು ಬರೆದುಬಿಡಿ, ಯಾರಾದರೂ ಹಾಕಿಬಿಟ್ಟರೆ ಕಷ್ಟ.

ಅಣ್ಣ: ಯಾವತ್ತು ಹೋಗಬೇಕು?

ನಾನು: ಈಗ ಫೋನ್ ಮಾಡಿ ಕೇಳುತ್ತೇನೆ. ಹಿಂದಿನ ರಾತ್ರಿಯಿಂದ ಊಟ ಕೊಡುವ ಹಾಗಿಲ್ಲ ಅಮ್ಮ, ಎಷ್ಟೇ ಕಣ್ಣು ಪಿಳಿಪಿಳಿ ಬಿಟ್ಟರೂ. ನೀರು ಎಷ್ಟು ಹೊತ್ತಿನವರೆಗೆ ಇಡಬಹುದು ಅಂತ ಕೇಳಿ ಹೇಳುತ್ತೇನೆ.

ಅಣ್ಣ: ದಿನ ಗೊತ್ತಾದ ತಕ್ಷಣ ಹಾಕು. ಕಾರು ನಾನು ತರುತ್ತೇನೆ, ಅವನನ್ನು ಎತ್ತಿ ಕೂರಿಸುವುದು ನಿನ್ನೊಬ್ಬಳ ಕೈಯಲ್ಲಿ ಆಗುವುದಿಲ್ಲ.