ಇಲ್ಲೇ ಹುಟ್ಟಿದ್ರೂ ಯಾಕೆ ನಮ್ಮ ದೇಶದವರಲ್ಲ?

ಕೇಳಿದ್ದು: ಒಂಬತ್ತು ವರ್ಷದ ಮಗನ ಜೊತೆ ಬೈಲುಕುಪ್ಪೆಯ ಗೋಲ್ಡನ್ ಟೆಂಪಲ್‌ಗೆ ಹೋಗಿದ್ದೆವು. ಅಂಗಡಿಯ ಟಿಬೆಟಿಯನ್ ಆಂಟಿ ಚೆಂದದ ಕನ್ನಡ ಮಾತಾಡಿದರು. ಹುಟ್ಟಿದ್ದು ಇಲ್ಲೇ, ಪೌರತ್ವ ಮಾತ್ರ ಇಲ್ಲ ಅಂದರು. "ಅದು ಹೇಗೆ?" ಅಂತ ಮಗ ಕಾರಿನಲ್ಲಿ ಹಿಡಿದವನು ಇನ್ನೂ ಬಿಟ್ಟಿಲ್ಲ. ನೀವೆಲ್ಲ ಮಕ್ಕಳಿಗೆ ಹೇಗೆ ಹೇಳಿಕೊಟ್ಟಿರಿ?

ಮೈಸೂರಿನಿಂದ: ಮೊದಲು ಮ್ಯಾಪ್ ಹಾಸಿ, ಪೌರತ್ವ ಆಮೇಲೆ. ನಾನು ಮಗಳ ಕೈಗೆ ಉಲ್ಲನ್ ದಾರ ಕೊಟ್ಟೆ. ಟಿಬೆಟ್‌ನ ರಾಜಧಾನಿ ಲಾಸಾ, ಅರುಣಾಚಲದ ಗಡಿಯ ತವಾಂಗ್, ನಮ್ಮ ಬೈಲುಕುಪ್ಪೆ, ಮೂರು ಕಡೆ ಗುಂಡುಪಿನ್ನು. ಟಿಬೆಟಿಯನ್ನರ ಧರ್ಮಗುರು ದಲೈ ಲಾಮಾ ಚೀನಾದ ಸೈನ್ಯದಿಂದ ತಪ್ಪಿಸಿಕೊಂಡು 1959ರ ಮಾರ್ಚ್ 17ರ ರಾತ್ರಿ ಲಾಸಾ ಬಿಟ್ಟರು, ಭಾರತದ ಗಡಿ ದಾಟಿದ್ದು 31ಕ್ಕೆ. ಮ್ಯಾಪಿನಲ್ಲಿ ಆ ದಾರ ಬೆರಳಿನಷ್ಟೂ ಇಲ್ಲ. "ಇಷ್ಟಕ್ಕೆ ಎರಡು ವಾರನಾ?" ಅಂದಳು. ಮ್ಯಾಪಿನ ಕಂದು ಬಣ್ಣ ಅಂದರೆ ಎಂಥ ಬೆಟ್ಟ ಅಂತ ಆವತ್ತು ಅವಳಿಗೆ ಗೊತ್ತಾಯಿತು. ಲಾಸಾ 3,600 ಮೀಟರಿಗೂ ಎತ್ತರದ ಊರು. ಅವರ ಹಿಂದೆ ಅಂಥ ಚಳಿಯಿಂದ ಬಂದ ಟಿಬೆಟಿಯನ್ನರು ಬೈಲುಕುಪ್ಪೆಯಲ್ಲಿ ಕಾಡು ಕಡಿದು ಮುಸುಕಿನ ಜೋಳ ಬೆಳೆದರು.

ಆಮೇಲೆ ಕಾನೂನು. 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದವರಿಗೆ ಹುಟ್ಟಿನಿಂದಲೇ ಪೌರತ್ವದ ಹಕ್ಕಿದೆ. ನಂತರ ಹುಟ್ಟಿದವರಿಗೆ ಅಪ್ಪ ಅಮ್ಮರಲ್ಲಿ ಒಬ್ಬರಾದರೂ ಭಾರತದ ಪ್ರಜೆಯಾಗಿರಬೇಕು. 2004ರ ಡಿಸೆಂಬರ್‌ನಿಂದ ಇನ್ನೂ ಬಿಗಿ. ಎರಡು ಚೀಟಿ ಬರೆದೆ: ಅಣ್ಣ 1986, ತಂಗಿ 1988. ಅಪ್ಪ ಅಮ್ಮ ಟಿಬೆಟ್‌ನವರು. ಅಣ್ಣನಿಗೆ ಹಕ್ಕಿದೆ, ತಂಗಿಗಿಲ್ಲ. ಮಗಳು ಎರಡೂ ಚೀಟಿ ಪಕ್ಕಪಕ್ಕ ಇಟ್ಟು ತುಂಬಾ ಹೊತ್ತು ನೋಡಿದಳು. "ಇದು ಸರಿಯಿಲ್ಲ" ಅಂದಳು. ನಾನು ತೀರ್ಪು ಕೊಡಲಿಲ್ಲ. ಹಾಗೆ ಯಾಕೆ ಅನ್ನಿಸಿತು ಅಂತ ಕೇಳಿದೆ ಅಷ್ಟೇ. ಹಕ್ಕಿದ್ದೂ ಪೌರತ್ವ ಬೇಡ ಅನ್ನುವವರಿದ್ದಾರೆ, ಒಂದು ದಿನ ಟಿಬೆಟ್‌ಗೆ ವಾಪಸ್ ಹೋಗುವ ಆಸೆಯಿಂದ. ಅದನ್ನೂ ಹೇಳಿ, ಇಲ್ಲದಿದ್ದರೆ ಮಗುವಿಗೆ ಅರ್ಧ ಕತೆ ಮಾತ್ರ ಸಿಗುತ್ತದೆ.

ನ್ಯೂಜೆರ್ಸಿಯಿಂದ: ನಮಗೆ ಪಾಸ್‌ಪೋರ್ಟೇ ಪಾಠವಾಯಿತು. ನಮ್ಮದರ ಮೇಲೆ ಸಿಂಹ, ಇಲ್ಲೇ ಹುಟ್ಟಿದ ಮಗನದರ ಮೇಲೆ ಹದ್ದು. ಅಮೆರಿಕದಲ್ಲಿ 1868ರ ಸಂವಿಧಾನ ತಿದ್ದುಪಡಿಯಿಂದ ಅವನು ಇಲ್ಲಿಯ ಪ್ರಜೆಯಾದ. "ನಾನು ಬೇರೆ, ನೀವು ಬೇರೆನಾ?" ಅಂತ ಅತ್ತುಬಿಟ್ಟ. ದೇಶದ ಕಾಗದ ಬೇರೆ, ಮನೆಯವರಾಗೋದು ಬೇರೆ ಅಂತ ಎಷ್ಟೋ ಸಲ ಹೇಳಬೇಕಾಯಿತು. ಪುಟ್ಟ ಮಕ್ಕಳಿದ್ದರೆ ಇದನ್ನೇ ಮೊದಲು ಹೇಳಿ.

ಮುಂಡಗೋಡದಿಂದ: ನಮ್ಮಲ್ಲೂ ಟಿಬೆಟಿಯನ್ ಕ್ಯಾಂಪ್ ಇದೆ. ಒಂದು ಮಾತು: ಮುಂದಿನ ಸಲ ಮಗ ಆಂಟಿಯನ್ನು "ನಿಮ್ಮ ಕಾಗದ ತೋರಿಸಿ" ಅಂತ ಕೇಳದ ಹಾಗೆ ನೋಡಿಕೊಳ್ಳಿ. ಆರ್‌ಸಿ ಅನ್ನುವ ನೋಂದಣಿ ಪುಸ್ತಕವನ್ನು ಅವರು ಆಗಾಗ ನವೀಕರಿಸಿಕೊಳ್ಳಬೇಕು. ಅವರಿಗೆ ಅದು ಸುಮ್ನೆ ಆಡುವ ಮಾತಲ್ಲ. ತಿಂಡಿ, ಹಬ್ಬದ ಬಗ್ಗೆ ಕೇಳಲಿ. ಅವರ ಹೊಸ ವರ್ಷ ಲೋಸಾರ್‌ಗೆ ಖಾಪ್ಸೆ ಅಂತ ಹಿಟ್ಟಿನ ಕರಿದ ತಿಂಡಿ ಮಾಡುತ್ತಾರೆ. ಅದನ್ನು ತಿಂದು ಬಂದ ಸಂಜೆ ನಮ್ಮ ಮಕ್ಕಳು ತಾವಾಗಿಯೇ ಅಟ್ಲಾಸ್ ತೆಗೆದು ಕೂತಿದ್ದರು.